ಯಾರಿಗೆ ಐಪಿ, ಯಾರಿಗಿಲ್ಲ: ವಿಂಡೋಸ್ ಸರ್ವರ್‌ನ ಡಿಎಚ್‌ಸಿಪಿ ಫಿಲ್ಟರ್ ವಿಮರ್ಶೆ

ನೆಟ್‌ವರ್ಕ್‌ಗೆ ಸೇರುವ ಸಾಧನಗಳಿಗೆ ಐಪಿ ವಿಳಾಸ ಹಂಚುವ ಸೇವೆ ಡಿಎಚ್‌ಸಿಪಿ. ಕೇಳಿದವರಿಗೆಲ್ಲ ಕೊಡುವುದು ಅದರ ಹುಟ್ಟುಗುಣ. ಕೇಬಲ್ ಚುಚ್ಚಿದ ಲ್ಯಾಪ್‌ಟಾಪ್, ಯಾರದ್ದೋ ಜೇಬಿನಲ್ಲಿರುವ ಮೊಬೈಲ್, ಗೋಡೆಯ ಮೇಲಿನ ಕ್ಯಾಮೆರಾ ಎಲ್ಲವೂ ಅದಕ್ಕೆ ಒಂದೇ. ವಿಳಾಸ ಬೇಕೆಂದು ಕೂಗಿದರೆ ಸಾಕು, ಪೂಲ್‌ನಲ್ಲಿ, ಅಂದರೆ ಹಂಚಲು ಇಟ್ಟ ವಿಳಾಸಗಳ ಗುಂಪಿನಲ್ಲಿ, ಉಳಿದಿರುವ ಒಂದನ್ನು ಎತ್ತಿ ಕೊಟ್ಟುಬಿಡುತ್ತದೆ. ಈ ಧಾರಾಳಕ್ಕೆ ಕಡಿವಾಣ ಹಾಕಲು ವಿಂಡೋಸ್ ಸರ್ವರ್‌ನೊಳಗೇ ಒಂದು ಸೌಲಭ್ಯವಿದೆ. ಡಿಎಚ್‌ಸಿಪಿ ಕನ್ಸೋಲ್ ತೆರೆದು ಐಪಿವಿ4 ಅಡಿಯಲ್ಲಿ ನೋಡಿದರೆ ಫಿಲ್ಟರ್ಸ್ ಎಂಬ ವಿಭಾಗ, ಅದರೊಳಗೆ ಅಲೋ ಮತ್ತು ಡಿನೈ ಎಂಬ ಎರಡು ಪಟ್ಟಿಗಳು ಕಾಣುತ್ತವೆ. 2009ರಲ್ಲಿ ಬಂದ ಸರ್ವರ್ 2008 ಆರ್2ನಿಂದ ಇದು ಇದೆ. ಅದಕ್ಕೂ ಹಿಂದೆ ಇದೇ ಕೆಲಸಕ್ಕೆ ಮೈಕ್ರೋಸಾಫ್ಟ್‌ನ ಡಿಎಚ್‌ಸಿಪಿ ತಂಡ ಕೊಟ್ಟಿದ್ದ ಪ್ರತ್ಯೇಕ ಡಿಎಲ್‌ಎಲ್ ಫೈಲೊಂದನ್ನು ಸೇರಿಸಿಕೊಳ್ಳಬೇಕಿತ್ತು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಸಾಧನಗಳು ಹೆಚ್ಚು ಬದಲಾಗದ, ಪಟ್ಟಿಯನ್ನು ಒಬ್ಬರು ಜವಾಬ್ದಾರಿಯಿಂದ ನೋಡಿಕೊಳ್ಳುವ ನೆಟ್‌ವರ್ಕ್‌ಗೆ ಇದು ಒಳ್ಳೆಯ ಸಾಧನ. ಅತಿಥಿಗಳ ಮೊಬೈಲ್‌ಗಳೂ ಕಚೇರಿ ಯಂತ್ರಗಳೂ ಒಂದೇ ಸರ್ವರ್‌ನಿಂದ ಐಪಿ ಪಡೆಯುವ ಕಡೆ ಅಲೋ ಪಟ್ಟಿಯನ್ನು ಆನ್ ಮಾಡಲೇಬೇಡಿ. ಇದನ್ನು ಬೀಗ ಎಂದು ನಂಬಿ ಕೂರುವುದಂತೂ ಎಲ್ಲಿಯೂ ಸಲ್ಲದು.

ಒಳಗೆ ನಡೆಯುವುದು

ಐಪಿ ಕೇಳಿ ಸಾಧನ ಕಳಿಸುವ ಡಿಸ್ಕವರ್ ಪ್ಯಾಕೆಟ್‌ನಲ್ಲಿ ಅದರ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ, ಇರುತ್ತದೆ. ಸರ್ವರ್ ಅದನ್ನು ಪಟ್ಟಿಗೆ ಹೋಲಿಸುತ್ತದೆ. ಡಿನೈ ಆನ್ ಆಗಿದ್ದು ಮ್ಯಾಕ್ ಅದರಲ್ಲಿದ್ದರೆ ಉತ್ತರವಿಲ್ಲ. ಅಲೋ ಆನ್ ಆಗಿದ್ದು ಮ್ಯಾಕ್ ಅದರಲ್ಲಿ ಇಲ್ಲದಿದ್ದರೂ ಉತ್ತರವಿಲ್ಲ. ಎರಡೂ ಆನ್ ಆಗಿದ್ದು, ಒಂದೇ ಮ್ಯಾಕ್ ಎರಡಕ್ಕೂ ಹೊಂದಿದರೆ ಡಿನೈ ಗೆಲ್ಲುತ್ತದೆ. ಸರ್ವರ್ ಆಗುವುದಿಲ್ಲ ಎಂದು ತಿರುಗಿ ಹೇಳುವುದೂ ಇಲ್ಲ, ಸುಮ್ಮನಿರುತ್ತದೆ. ವಿಂಡೋಸ್ ಯಂತ್ರವಾದರೆ ಸ್ವಲ್ಪ ಹೊತ್ತು ಕಾದು 169.254ರಿಂದ ಶುರುವಾಗುವ ವಿಳಾಸವನ್ನು ತಾನೇ ಹಾಕಿಕೊಂಡು, ಐದು ನಿಮಿಷಕ್ಕೊಮ್ಮೆ ಮತ್ತೆ ಕೇಳುತ್ತದೆ. ಸರ್ವರ್ ಸತ್ತಾಗಲೂ, ಕೇಬಲ್‌ನ ವಿಲ್ಯಾನ್ (ಸ್ವಿಚ್‌ನಲ್ಲಿ ಬೇರ್ಪಡಿಸಿದ ಒಳ ನೆಟ್‌ವರ್ಕ್) ತಪ್ಪಿದಾಗಲೂ ಕಾಣುವುದು ಇದೇ ಲಕ್ಷಣ. ಹಾಗಾಗಿ ಸಾಧನವನ್ನು ನೋಡಿ ಕಾರಣ ಹೇಳಲಾಗದು, ಸರ್ವರ್‌ನ ಲಾಗ್ ನೋಡಬೇಕು.

ಆ ಲಾಗ್ ಈ ಸೌಲಭ್ಯದ ಬಹಳ ಒಳ್ಳೆಯ ಭಾಗ. ಈವೆಂಟ್ ವ್ಯೂವರ್‌ನಲ್ಲಿ ಅಪ್ಲಿಕೇಶನ್ಸ್ ಆ್ಯಂಡ್ ಸರ್ವಿಸಸ್, ಮೈಕ್ರೋಸಾಫ್ಟ್, ವಿಂಡೋಸ್, ಡಿಎಚ್‌ಸಿಪಿ-ಸರ್ವರ್ ಎಂದು ಇಳಿಯುತ್ತ ಹೋದರೆ ಫಿಲ್ಟರ್‌ನೋಟಿಫಿಕೇಶನ್ಸ್ ಎಂಬ ಪ್ರತ್ಯೇಕ ಲಾಗ್ ಸಿಗುತ್ತದೆ. ಯಾವ ಮ್ಯಾಕ್‌ಗೆ, ಯಾವ ಹೆಸರಿನ ಯಂತ್ರಕ್ಕೆ ಸೇವೆ ನಿರಾಕರಿಸಲಾಯಿತು, ಡಿನೈಯಲ್ಲಿ ಇದ್ದದ್ದಕ್ಕೋ ಅಲೋದಲ್ಲಿ ಇಲ್ಲದ್ದಕ್ಕೋ ಎಂಬುದು ಅಲ್ಲಿ ಬಿಡಿಸಿ ಬರೆದಿರುತ್ತದೆ. ಹೊಸ ಯಂತ್ರದ ಮ್ಯಾಕ್ ಬೇಕಾದಾಗ ಅದರ ಕೆಳಗಿನ ಸ್ಟಿಕ್ಕರ್ ಓದುವ ಕಷ್ಟ ಬೇಡ. ಒಮ್ಮೆ ನೆಟ್‌ವರ್ಕ್‌ಗೆ ಸೇರಿಸಿ, ನಿರಾಕರಣೆ ದಾಖಲಾದ ಮೇಲೆ ಅಲ್ಲಿಂದಲೇ ನಕಲಿಸಿಕೊಳ್ಳಿ. ಇದರ ಜೊತೆಗೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ, ಸಿಸ್ಟಮ್32ರ ಒಳಗಿನ ಡಿಎಚ್‌ಸಿಪಿ ಫೋಲ್ಡರ್‌ನಲ್ಲಿ ವಾರದ ದಿನಕ್ಕೊಂದರಂತೆ ಆಡಿಟ್ ಲಾಗ್ ಇರುತ್ತದೆ. ಅದರಲ್ಲಿ ಸಂಕೇತ 10 ಎಂದರೆ ಹೊಸ ಲೀಸ್ (ನಿಗದಿತ ಅವಧಿಗೆ ಕೊಟ್ಟ ವಿಳಾಸ), 11 ನವೀಕರಣ, 14 ಪೂಲ್ ಖಾಲಿ. ಮುಂದಿನ ವಾರ ಅದೇ ದಿನ ಬಂದಾಗ ಹಳೆಯದು ಅಳಿಸಿಹೋಗುತ್ತದೆ, ಬೇಕಾದ ದಾಖಲೆಯನ್ನು ಅಷ್ಟರೊಳಗೆ ಎತ್ತಿಟ್ಟುಕೊಳ್ಳಬೇಕು.

ಅಲೋ ಪಟ್ಟಿಯನ್ನು ಆನ್ ಮಾಡುವ ಕ್ರಮ

ಖಾಲಿ ಅಲೋ ಪಟ್ಟಿಯನ್ನು ಆನ್ ಮಾಡಿದರೆ ಯಾರಿಗೂ ಐಪಿ ಸಿಗದು. ಕನ್ಸೋಲ್‌ನಲ್ಲಿ ಇದು ರೈಟ್-ಕ್ಲಿಕ್ ಮತ್ತು ಎನೇಬಲ್, ಎರಡೇ ಒತ್ತು. ಅಷ್ಟು ದೊಡ್ಡ ಪರಿಣಾಮಕ್ಕೆ ಇದು ತೀರಾ ಸುಲಭವಾಯಿತು ಎಂಬುದು ನಮ್ಮ ಅಭಿಪ್ರಾಯ. ಹಾಗಾಗಿ ಪಟ್ಟಿಯನ್ನು ಆಫ್ ಇಟ್ಟುಕೊಂಡೇ ತುಂಬಿಸಿ. ಆಫ್ ಇದ್ದಾಗಲೂ ನಮೂದು ಸೇರಿಸಬಹುದು.

ಮೊದಲು ಸ್ಕೋಪ್‌ನ (ಒಂದು ನೆಟ್‌ವರ್ಕ್‌ಗೆ ಹಂಚುವ ವಿಳಾಸಗಳ ವ್ಯಾಪ್ತಿ) ಅಡ್ರೆಸ್ ಲೀಸಸ್‌ಗೆ ಹೋಗಿ, ನಿಮ್ಮವೇ ಎಂದು ಖಾತ್ರಿಯಿರುವ ಲೀಸ್‌ಗಳನ್ನು ಆಯ್ದು, ರೈಟ್-ಕ್ಲಿಕ್ ಮಾಡಿ ಆ್ಯಡ್ ಟು ಫಿಲ್ಟರ್, ಅಲೋ ಕೊಡಿ. ಕಣ್ಣುಮುಚ್ಚಿ ಎಲ್ಲವನ್ನೂ ಆಯ್ದರೆ ಯಾರನ್ನು ಹೊರಗಿಡಬೇಕೆಂದಿದ್ದಿರೋ ಅವರೂ ಒಳಗೆ ಬಂದಿರುತ್ತಾರೆ. ಇದನ್ನು ಒಂದೇ ದಿನ ಮಾಡಿ ಮುಗಿಸಬೇಡಿ. ಮಾಮೂಲಿ ಲೀಸ್ ಅವಧಿ 8 ದಿನ. ರಜೆಯಲ್ಲಿರುವವರ ಲ್ಯಾಪ್‌ಟಾಪ್, ತಿಂಗಳಿಗೊಮ್ಮೆ ಹಚ್ಚುವ ಯಂತ್ರ ಇವೆಲ್ಲ ಒಂದು ದಿನದ ಪಟ್ಟಿಯಲ್ಲಿ ಬರುವುದಿಲ್ಲ. ಎರಡು ಮೂರು ವಾರ ಆಗಾಗ ಸೇರಿಸುತ್ತ ಹೋಗಿ.

ನಂತರ ಲೀಸ್ ಪಟ್ಟಿಯಲ್ಲಿ ಸುಲಭವಾಗಿ ಕಣ್ಣಿಗೆ ಬೀಳದವನ್ನು ಹುಡುಕಿ: ಪ್ರಿಂಟರ್, ಐಪಿ ಫೋನ್, ಆ್ಯಕ್ಸೆಸ್ ಪಾಯಿಂಟ್, ಯುಪಿಎಸ್‌ನ ನೆಟ್‌ವರ್ಕ್ ಕಾರ್ಡ್, ಸರ್ವರ್‌ಗಳ ನಿರ್ವಹಣಾ ಪೋರ್ಟ್. ರಿಸರ್ವೇಶನ್ ಮಾಡಿಟ್ಟ, ಅಂದರೆ ಒಂದು ವಿಳಾಸವನ್ನು ಕಾಯ್ದಿರಿಸಿದ, ಸಾಧನಕ್ಕೆ ವಿನಾಯಿತಿ ಇದೆ ಎಂದುಕೊಳ್ಳುವುದು ಬಹಳ ಸಾಮಾನ್ಯವಾದ ತಪ್ಪು. ರಿಸರ್ವೇಶನ್ ಯಾವ ವಿಳಾಸ ಎಂದು ಹೇಳುತ್ತದೆಯೇ ಹೊರತು, ಬಾಗಿಲು ದಾಟಲು ಅಲೋದಲ್ಲಿ ಪ್ರತ್ಯೇಕ ನಮೂದು ಬೇಕೇ ಬೇಕು.

ಒಂದು ಲ್ಯಾಪ್‌ಟಾಪ್ ಎಂದರೆ ಒಂದು ಮ್ಯಾಕ್ ಅಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವೈ-ಫೈಗೆ ಒಂದು, ಕೇಬಲ್ ಪೋರ್ಟ್‌ಗೆ ಇನ್ನೊಂದು, ಡಾಕ್‌ಗೆ (ಲ್ಯಾಪ್‌ಟಾಪ್‌ಗೆ ಸೇರಿಸುವ ಪೋರ್ಟ್‌ಗಳ ಪೆಟ್ಟಿಗೆ) ಮತ್ತೊಂದು. ಯುಎಸ್‌ಬಿ-ಈಥರ್ನೆಟ್ ಅಡಾಪ್ಟರ್ ಇದ್ದರೆ ಮ್ಯಾಕ್ ಇರುವುದು ಅಡಾಪ್ಟರ್‌ನಲ್ಲಿ. ಅದನ್ನು ಅಲೋಗೆ ಸೇರಿಸಿದರೆ ಅದನ್ನು ಚುಚ್ಚಿಕೊಂಡ ಯಾವ ಯಂತ್ರವಾದರೂ ಒಳಗೆ ಬರುತ್ತದೆ. ಡೆಲ್, ಲೆನೊವೊ, ಎಚ್‌ಪಿಯ ಅನೇಕ ವ್ಯವಹಾರ ಮಾದರಿಗಳ ಬಯೋಸ್‌ನಲ್ಲಿ ಮ್ಯಾಕ್ ಪಾಸ್-ಥ್ರೂ ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಡಾಕ್‌ಗೆ ಸೇರಿಸಿದಾಗಲೂ ಲ್ಯಾಪ್‌ಟಾಪ್‌ನದೇ ಮ್ಯಾಕ್ ಹೊರಗೆ ಕಾಣುತ್ತದೆ. ಡಾಕ್‌ಗಳನ್ನು ಹಲವರು ಹಂಚಿಕೊಳ್ಳುವ ಕಡೆ ಇದನ್ನು ಮೊದಲೇ ಸರಿಮಾಡಿಕೊಳ್ಳಿ.

ಲಿನಕ್ಸ್ ಯಂತ್ರಗಳಲ್ಲಿ ಇನ್ನೊಂದು ಮೋಸವಿದೆ. ಲೀಸ್ ಪಟ್ಟಿಯ ಯುನೀಕ್ ಐಡಿ ಕಾಲಮ್‌ನಲ್ಲಿ ಇರುವುದು ನಿಜವಾಗಿ ಕ್ಲೈಂಟ್ ಐಡೆಂಟಿಫೈಯರ್, ಅಂದರೆ ಸಾಧನ ತನ್ನದೆಂದು ಹೇಳಿಕೊಳ್ಳುವ ಗುರುತು. ವಿಂಡೋಸ್ ಯಂತ್ರಗಳಲ್ಲಿ ಅದು ಮ್ಯಾಕ್ ಆಗಿಯೇ ಇರುವುದರಿಂದ ಎರಡೂ ಒಂದೇ ಎಂದು ತೋರುತ್ತದೆ. ಆದರೆ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಎಂಬ ನೆಟ್‌ವರ್ಕ್ ಸೇವೆ ಬಳಸುವ ಲಿನಕ್ಸ್, ಉದಾಹರಣೆಗೆ 18.04 ನಂತರದ ಉಬುಂಟು ಸರ್ವರ್, ಯಂತ್ರದ ಗುರುತಿನಿಂದ ಹುಟ್ಟಿಸಿದ ಉದ್ದನೆಯ ಸಂಖ್ಯೆಯನ್ನು ಕಳಿಸುತ್ತದೆ. ಫಿಲ್ಟರ್ ನೋಡುವುದು ಮ್ಯಾಕ್ ಅನ್ನು, ಈ ಉದ್ದ ಸಂಖ್ಯೆಯನ್ನಲ್ಲ. ಆರು ಜೋಡಿ ಅಂಕಿಗಿಂತ ಉದ್ದವಾದ ಐಡಿ ಕಂಡರೆ ಅದನ್ನು ಪಟ್ಟಿಗೆ ತಳ್ಳಬೇಡಿ. ಆ ಯಂತ್ರದಿಂದಲೇ ಮ್ಯಾಕ್ ಓದಿ ಕೈಯಾರೆ ಸೇರಿಸಿ, ಇಲ್ಲವೇ ಉಬುಂಟುವಿನ ನೆಟ್‌ವರ್ಕ್ ಹೊಂದಿಕೆಯಾದ ನೆಟ್‌ಪ್ಲಾನ್‌ನಲ್ಲಿ ಡಿಎಚ್‌ಸಿಪಿ ಐಡೆಂಟಿಫೈಯರ್ ಅನ್ನು ಮ್ಯಾಕ್ ಎಂದು ಬದಲಿಸಿ.

ಪಟ್ಟಿ ದೊಡ್ಡದಾದರೆ, ಆಜ್ಞೆ ಬರೆದು ಕೆಲಸ ಮಾಡಿಸುವ ವಿಂಡೋಸ್‌ನ ಪವರ್‌ಶೆಲ್ ವಾಸಿ. ಸರ್ವರ್ 2012ರಿಂದ ಬಂದ ಆ್ಯಡ್-ಡಿಎಚ್‌ಸಿಪಿಸರ್ವರ್‌ವಿ4ಫಿಲ್ಟರ್ ಆಜ್ಞೆಗೆ ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಮ್ ಬೇರ್ಪಡಿಸಿದ) ಫೈಲ್‌ನಿಂದಲೇ ಉಣಿಸಬಹುದು. ಮೂರು ಕಾಲಮ್ ಸಾಕು: ಯಾವ ಪಟ್ಟಿ, ಮ್ಯಾಕ್ ಯಾವುದು, ವಿವರಣೆ ಏನು. ವಿವರಣೆಯನ್ನು ಖಾಲಿ ಬಿಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಯಂತ್ರದ ಹೆಸರು, ಯಾರದ್ದು, ಯಾವ ಪೋರ್ಟ್, ಸೇರಿಸಿದ ದಿನಾಂಕ ಅಲ್ಲಿರಲಿ. ಎರಡು ವರ್ಷದ ನಂತರ ಬರೀ ಅಂಕಿಗಳ 400 ಸಾಲು ನೋಡಿದರೆ ಯಾವುದನ್ನು ಅಳಿಸಬಹುದೆಂದು ಯಾರಿಗೂ ಹೇಳಲಾಗದು. ಅಳಿಸದ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ, ಕೊನೆಗೆ ಅದು ತಡೆಯುವುದು ಹೊಸ ನೌಕರರ ಯಂತ್ರವನ್ನು ಮಾತ್ರ.

ಆನ್ ಮಾಡುವ ಮುಂಚೆ ಲೀಸ್ ಅವಧಿಯನ್ನು 1 ದಿನಕ್ಕೆ ಇಳಿಸಿ, ಹಳೆಯ 8 ದಿನದ ಲೀಸ್‌ಗಳೆಲ್ಲ ಹೊಸ ಅವಧಿಗೆ ಬರುವ ತನಕ ಕಾಯಿರಿ. 8 ದಿನದ ಲೀಸ್ ಇಟ್ಟುಕೊಂಡೇ ಆನ್ ಮಾಡಿದರೆ ತಪ್ಪುಗಳು ವಾರವಿಡೀ ಒಂದೊಂದಾಗಿ ಹೊರಬರುತ್ತವೆ. 1 ದಿನದ ಲೀಸ್ ಆದರೆ ಮರುದಿನದೊಳಗೆ ಎಲ್ಲ ಗೊತ್ತಾಗುತ್ತದೆ. ಈ ಕೆಲಸಕ್ಕೆ ಸೋಮವಾರ ಅಥವಾ ಮಂಗಳವಾರದ ಬೆಳಗ್ಗೆ ಒಳ್ಳೆಯದು.

ಡಿನೈಗೆ ಹಾಕಿದರೂ ಯಂತ್ರ ಓಡುತ್ತಲೇ ಇದೆ, ಯಾಕೆ?

ಎಲ್ಲರೂ ಮೊದಲು ಎಡವುವ ಜಾಗ ಇದು. ಫಿಲ್ಟರ್ ಹೊಸ ವಿಳಾಸವನ್ನೂ ನವೀಕರಣವನ್ನೂ ನಿಲ್ಲಿಸುತ್ತದೆ, ಕೊಟ್ಟಾಗಿರುವ ವಿಳಾಸವನ್ನು ಕಿತ್ತುಕೊಳ್ಳುವುದಿಲ್ಲ. ಲೀಸ್‌ನ ಅರ್ಧ ಅವಧಿಗೆ ಯಂತ್ರ ನವೀಕರಣ ಕೇಳುತ್ತದೆ, ಉತ್ತರ ಬರುವುದಿಲ್ಲ. 87.5 ಶೇಕಡಾ ಕಳೆದಾಗ ಎಲ್ಲ ಸರ್ವರ್‌ಗಳನ್ನೂ ಕೇಳುತ್ತದೆ, ಆಗಲೂ ಮೌನ. ಆದರೂ ಲೀಸ್ ಪೂರ್ತಿ ಮುಗಿಯುವವರೆಗೆ ಅದೇ ವಿಳಾಸದಲ್ಲಿ ಕೆಲಸ ಮಾಡಲು ಅದಕ್ಕೆ ಹಕ್ಕಿದೆ. ವಿಂಡೋಸ್ ಯಂತ್ರವನ್ನು ರೀಸ್ಟಾರ್ಟ್ ಮಾಡಿದರೂ ಪ್ರಯೋಜನವಿಲ್ಲ. ಸರ್ವರ್ ಉತ್ತರಿಸದಿದ್ದಾಗ ಅದು ಹಳೆಯ ಗೇಟ್‌ವೇಗೆ (ನೆಟ್‌ವರ್ಕ್‌ನಿಂದ ಹೊರಗಿನ ದಾರಿಯಾದ ರೂಟರ್) ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದೆಯೇ ಎಂದು ಕರೆದು ನೋಡುತ್ತದೆ, ಗೇಟ್‌ವೇ ಸಿಕ್ಕರೆ ಉಳಿದ ಅವಧಿಗೆ ಹಳೆಯ ವಿಳಾಸವನ್ನೇ ಇಟ್ಟುಕೊಳ್ಳುತ್ತದೆ. 8 ದಿನದ ಲೀಸ್ ಈಗಷ್ಟೇ ಪಡೆದ ಯಂತ್ರವನ್ನು ಡಿನೈಗೆ ಹಾಕಿದರೆ ಪರಿಣಾಮ ಕಾಣಲು 8 ದಿನ ಬೇಕಾಗಬಹುದು.

ಆಗ ಅನೇಕರು ಮಾಡುವುದು ಕನ್ಸೋಲ್‌ನಲ್ಲಿ ಆ ಲೀಸ್ ಅನ್ನೇ ಡಿಲೀಟ್ ಮಾಡುವುದು. ಇದರಿಂದ ಆಗುವುದು ಹಾನಿಯೇ. ಸರ್ವರ್ ತನ್ನ ಪುಸ್ತಕದಿಂದ ಸಾಲನ್ನು ಹೊಡೆದುಹಾಕಿತು, ಯಂತ್ರದ ಕೈಯಲ್ಲಿ ವಿಳಾಸ ಹಾಗೇ ಇದೆ. ಸರ್ವರ್ ಅದನ್ನು ಇನ್ನೊಬ್ಬರಿಗೆ ಕೊಟ್ಟರೆ ಒಂದೇ ಐಪಿ ಎರಡು ಕಡೆ, ಇಬ್ಬರ ಸಂಪರ್ಕವೂ ಕೆಡುತ್ತದೆ. ಕೊಡುವ ಮುಂಚೆ ಪಿಂಗ್ ಮಾಡಿ ನೋಡುವ ಕಾನ್‌ಫ್ಲಿಕ್ಟ್ ಡಿಟೆಕ್ಷನ್ ಇದೆಯಾದರೂ ಮಾಮೂಲಿಯಾಗಿ ಅದರ ಮೌಲ್ಯ 0, ಅಂದರೆ ಆಫ್. ಐಪಿವಿ4 ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ 1ಕ್ಕೆ ಏರಿಸಬಹುದು, ಆದರೆ ಪಿಂಗ್‌ಗೆ ಉತ್ತರಿಸದ ಯಂತ್ರದ ಮುಂದೆ ಅದೂ ಕುರುಡು. ಒಂದು ಯಂತ್ರವನ್ನು ಈ ಕ್ಷಣವೇ ಹೊರಹಾಕಬೇಕಿದ್ದರೆ ಸ್ವಿಚ್‌ನಲ್ಲಿ ಅದರ ಪೋರ್ಟ್ ಮುಚ್ಚಿ, ಅಥವಾ ವೈ-ಫೈ ಕಂಟ್ರೋಲರ್‌ನಲ್ಲಿ ಅದನ್ನು ಬ್ಲಾಕ್ ಮಾಡಿ. ಡಿನೈ ಪಟ್ಟಿ ಅದು ಮತ್ತೆ ಬಾರದಂತೆ ನೋಡಿಕೊಳ್ಳಲಿ.

ವೈಲ್ಡ್‌ಕಾರ್ಡ್

ಪೂರ್ತಿ ಮ್ಯಾಕ್‌ನ ಬದಲು 00-50-56-*-*-* ಎಂದು ಬರೆದರೆ ವಿಎಂವೇರ್‌ಗೆ ಮೀಸಲಾದ ಆ ಇಡೀ ಗುಂಪು, 08-00-27-*-*-* ಎಂದರೆ ವರ್ಚುವಲ್‌ಬಾಕ್ಸ್ ಯಂತ್ರಗಳೆಲ್ಲ ಒಂದೇ ಸಾಲಿನಲ್ಲಿ ಬಂದುಬಿಡುತ್ತವೆ. ನೌಕರರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್ ಯಂತ್ರ ಹಚ್ಚಿ ಪೂಲ್ ಖಾಲಿಮಾಡುತ್ತಿದ್ದರೆ ಡಿನೈಯಲ್ಲಿ ಇಂಥ ಒಂದು ಸಾಲು ಸೊಗಸಾಗಿ ಕೆಲಸ ಮಾಡುತ್ತದೆ. ಅಲೋದಲ್ಲಿ ಮಾತ್ರ ಕೈ ಬಿಗಿಹಿಡಿಯಿರಿ. ಮೊದಲ ಮೂರು ಜೋಡಿಯನ್ನಷ್ಟೇ ಬರೆದರೆ 1,67,77,216 ವಿಳಾಸಗಳಿಗೆ ಬಾಗಿಲು ತೆರೆದಂತೆ. ಒಂದೇ ಕಂಪನಿಯ ಕ್ಯಾಮೆರಾ ಅಥವಾ ಫೋನ್‌ಗಳಿಗೆ ಮೀಸಲಾದ ನೆಟ್‌ವರ್ಕ್‌ನಲ್ಲಿ ಒಪ್ಪಬಹುದು, ಬೇರೆ ಕಡೆ ಬೇಡ.

ಎಲ್ಲಿ ಸೋಲುತ್ತದೆ

ದೊಡ್ಡ ಕೊರತೆ ಎಂದರೆ ಪಟ್ಟಿ ಇಡೀ ಸರ್ವರ್‌ಗೆ ಒಂದೇ. ಸ್ಕೋಪ್‌ಗೊಂದು ಪಟ್ಟಿ ಇಡಲು ಬರುವುದಿಲ್ಲ. ಬೇರೆ ವಿಲ್ಯಾನ್‌ನ ಕೋರಿಕೆಯನ್ನು ಸರ್ವರ್‌ಗೆ ದಾಟಿಸುವ ರಿಲೇ ಮೂಲಕ ಬಂದ ಕೋರಿಕೆಯಲ್ಲೂ ಸಾಧನದ ಮ್ಯಾಕ್ ಹಾಗೇ ಇರುವುದರಿಂದ ಎಲ್ಲ ವಿಲ್ಯಾನ್‌ಗಳಿಗೂ ಫಿಲ್ಟರ್ ಅನ್ವಯಿಸುತ್ತದೆ. ಕಚೇರಿ ವಿಲ್ಯಾನ್‌ಗೆಂದು ಅಲೋ ಆನ್ ಮಾಡಿದ ಕ್ಷಣವೇ ಅತಿಥಿ ವೈ-ಫೈಗೆ ಹೊಸದಾಗಿ ಬರುವವರಿಗೆ ಐಪಿ ಸಿಗುವುದು ನಿಲ್ಲುತ್ತದೆ. ಇಷ್ಟು ವರ್ಷಗಳಾದರೂ ಇದನ್ನು ತಿದ್ದಿಲ್ಲ ಎಂಬುದು ನಿಜಕ್ಕೂ ಬೇಸರದ ಸಂಗತಿ.

ಇದಕ್ಕೆ ಎರಡು ಸುತ್ತುದಾರಿಗಳಿವೆ. ಮೊದಲನೆಯದು ಹಳೆಯದು, ಆದರೆ ಗಟ್ಟಿ. ಸ್ಕೋಪ್‌ನ ಪೂರ್ತಿ ರೇಂಜ್ ಅನ್ನು ಎಕ್ಸ್‌ಕ್ಲೂಷನ್‌ಗೆ (ಹಂಚಬಾರದ ವಿಳಾಸಗಳ ಪಟ್ಟಿ) ಹಾಕಿ, ಬೇಕಾದ ಸಾಧನಗಳಿಗೆ ಮಾತ್ರ ಅದರೊಳಗೆ ರಿಸರ್ವೇಶನ್ ಮಾಡಿ. ಎಕ್ಸ್‌ಕ್ಲೂಷನ್ ಒಳಗಿನ ರಿಸರ್ವೇಶನ್ ವಿಂಡೋಸ್‌ನಲ್ಲಿ ಸರಿಯಾಗಿ ನಡೆಯುತ್ತದೆ, ಉಳಿದವರಿಗೆ ಕೊಡಲು ವಿಳಾಸವೇ ಇರುವುದಿಲ್ಲ. ಎರಡನೆಯದು ಸರ್ವರ್ 2012ರಲ್ಲಿ ಬಂದ ಪಾಲಿಸಿ. ಸ್ಕೋಪ್‌ನ ಪಾಲಿಸೀಸ್‌ನಲ್ಲಿ ಮ್ಯಾಕ್ ಇಂಥದ್ದಾಗಿದ್ದರೆ ಎಂಬ ಷರತ್ತು ಬರೆದು ಅದಕ್ಕೊಂದು ಐಪಿ ರೇಂಜ್ ಕೊಡಬಹುದು. ಯಾವ ಪಾಲಿಸಿಗೂ ಹೊಂದದ ಸಾಧನಕ್ಕೆ ಪಾಲಿಸಿಗಳು ಮುಟ್ಟದ ಉಳಿಕೆ ರೇಂಜ್‌ನಿಂದ ವಿಳಾಸ ಸಿಗುತ್ತದೆ. ಸ್ಕೋಪ್ 192.168.10.50ರಿಂದ 192.168.10.199ರವರೆಗೆ ಇದ್ದು, ಪಾಲಿಸಿಗೂ ಅಷ್ಟನ್ನೇ ಪೂರ್ತಿ ಬರೆದುಬಿಟ್ಟರೆ ಉಳಿಕೆ ಏನೂ ಇಲ್ಲ, ಹೊಂದದವರಿಗೆ ವಿಳಾಸವೂ ಇಲ್ಲ. ಸ್ಕೋಪ್ ಮಟ್ಟದ ಅಲೋ ಪಟ್ಟಿ ಬೇಕೆನ್ನುವವರಿಗೆ ಫಿಲ್ಟರ್‌ಗಿಂತ ಈ ದಾರಿಯನ್ನೇ ಶಿಫಾರಸು ಮಾಡುತ್ತೇವೆ.

ಎರಡನೇ ಕೊರತೆ ಫೇಲ್‌ಓವರ್‌ನದು, ಅಂದರೆ ಒಂದು ಸರ್ವರ್ ನಿಂತರೆ ಇನ್ನೊಂದು ನಡೆಸಿಕೊಂಡು ಹೋಗುವ ಏರ್ಪಾಡಿನದು. ಎರಡು ಸರ್ವರ್‌ಗಳ ಜೋಡಿಯಲ್ಲಿ ಲೀಸ್‌ಗಳು ತಾವೇ ಹಂಚಿಕೆಯಾಗುತ್ತವೆ, ಸ್ಕೋಪ್‌ನ ಹೊಂದಿಕೆಗಳನ್ನು ರೆಪ್ಲಿಕೇಟ್ ಮಾಡಬಹುದು. ಫಿಲ್ಟರ್ ಸರ್ವರ್ ಮಟ್ಟದ್ದಾದ್ದರಿಂದ ಅದು ಹೋಗುವುದಿಲ್ಲ. ಲೋಡ್ ಬ್ಯಾಲೆನ್ಸ್ ವಿಧಾನದಲ್ಲಿ ಯಾವ ಸಾಧನಕ್ಕೆ ಯಾವ ಸರ್ವರ್ ಉತ್ತರಿಸಬೇಕೆಂಬುದು ಹ್ಯಾಶ್ ಲೆಕ್ಕದಲ್ಲಿ ತೀರ್ಮಾನವಾಗುತ್ತದೆ. ಹೊಸ ಮ್ಯಾಕ್ ಅನ್ನು ಒಂದೇ ಸರ್ವರ್‌ಗೆ ಸೇರಿಸಿದರೆ ಕೆಲವು ಯಂತ್ರಗಳಿಗೆ ಐಪಿ ಸಿಗುತ್ತದೆ, ಕೆಲವಕ್ಕೆ ಇಲ್ಲ, ನೋಡುವವರಿಗೆ ಕಾರಣವೇ ಹೊಳೆಯದು. ಒಂದು ಸಿಎಸ್‌ವಿ ಫೈಲನ್ನೇ ಮೂಲ ಪಟ್ಟಿಯಾಗಿಟ್ಟುಕೊಂಡು, ಎರಡೂ ಸರ್ವರ್‌ಗೆ ಪವರ್‌ಶೆಲ್ ಸ್ಕ್ರಿಪ್ಟ್‌ನಿಂದ ತುಂಬಿಸುವುದೇ ಪರಿಹಾರ. ಕನ್ಸೋಲ್‌ನಲ್ಲಿ ಕೈಯಾರೆ ಸೇರಿಸುವ ಅಭ್ಯಾಸವನ್ನು ಅಂದೇ ನಿಲ್ಲಿಸಿ.

ಮೊಬೈಲ್‌ಗಳ ವಿಷಯ ಇನ್ನೂ ಕಷ್ಟ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ವೈ-ಫೈ ಮ್ಯಾಕ್ ಮಾಮೂಲಿಯಾಗಿ ನಕಲಿ, ಒಂದೊಂದು ವೈ-ಫೈ ಹೆಸರಿಗೆ ಒಂದೊಂದು. ಐಒಎಸ್ 18ರಲ್ಲಿ ಫಿಕ್ಸ್‌ಡ್ ಬದಲು ರೊಟೇಟಿಂಗ್ ಆಯ್ಕೆ ಇದ್ದರೆ ಅದೇ ನೆಟ್‌ವರ್ಕ್‌ನಲ್ಲೂ ಆಗಾಗ ಬದಲಾಗುತ್ತದೆ. ಗುರುತಿಸುವುದು ಸುಲಭ: ಮ್ಯಾಕ್‌ನ ಎರಡನೇ ಅಂಕಿ 2, 6, ಎ ಅಥವಾ ಇ ಆಗಿರುತ್ತದೆ. ಅಂಥದ್ದನ್ನು ಅಲೋಗೆ ಸೇರಿಸಿದರೆ ಫೋನ್ ರೀಸೆಟ್ ಆದ ದಿನ ಅದು ಹೊರಗೆ ಬೀಳಬಹುದು. ಡಿನೈಗೆ ಸೇರಿಸಿದರೆ ವೈ-ಫೈ ಸೆಟ್ಟಿಂಗ್‌ನಲ್ಲಿ ಮ್ಯಾಕ್ ಬದಲಿಸಿಕೊಂಡು ವಾಪಸ್ ಬರಬಹುದು. ಸಂಸ್ಥೆಯದೇ ಫೋನ್‌ಗಳಾದರೆ ನಿಮ್ಮ ವೈ-ಫೈಗೆ ಮಾತ್ರ ಈ ಸೌಲಭ್ಯವನ್ನು ಆಫ್ ಮಾಡಿಸಿ. ಜನರ ಸ್ವಂತ ಫೋನ್‌ಗಳಾದರೆ ಮ್ಯಾಕ್ ಪಟ್ಟಿಯ ಆಸೆಯನ್ನೇ ಬಿಟ್ಟು ಬೇರೆ ವಿಲ್ಯಾನ್‌ಗೆ ಕಳಿಸಿ.

ಐಪಿವಿ6ಗೆ ಈ ಫಿಲ್ಟರ್ ಇಲ್ಲವೇ ಇಲ್ಲ. ರೂಟರ್ ಐಪಿವಿ6 ಘೋಷಣೆ ಕಳಿಸುತ್ತಿದ್ದರೆ ಐಪಿವಿ4 ಸಿಗದ ಯಂತ್ರ ತಾನೇ ಐಪಿವಿ6 ವಿಳಾಸ ಕಟ್ಟಿಕೊಂಡು ಹೊರಗೆ ಹೋಗುತ್ತದೆ.

ಬೀಗ ಅಲ್ಲ ಎಂದದ್ದು ಯಾಕೆ

ಐಪಿಯನ್ನು ಕೈಯಾರೆ ಬರೆದುಕೊಂಡವರು ಡಿಎಚ್‌ಸಿಪಿಯನ್ನು ಕೇಳುವುದೇ ಇಲ್ಲ, ಹಾಗಾಗಿ ಫಿಲ್ಟರ್ ಅವರಿಗೆ ಅಡ್ಡವಾಗುವುದೂ ಇಲ್ಲ. ಅನುಮತಿ ಇರುವ ಪ್ರಿಂಟರ್‌ನ ಮ್ಯಾಕ್ ಅನ್ನು ತಮ್ಮ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳುವುದು ಕೆಲವೇ ನಿಮಿಷಗಳ ಕೆಲಸ. ಯಾರೋ ಮನೆಯ ರೂಟರ್ ತಂದು ಚುಚ್ಚಿದರೆ ಅದು ತನ್ನದೇ ವಿಳಾಸಗಳನ್ನು ಹಂಚತೊಡಗುತ್ತದೆ, ಆಗ ನಿಮ್ಮ ಸರ್ವರ್‌ನ ಪಟ್ಟಿಗೆ ಬೆಲೆಯೇ ಇಲ್ಲ.

ಫಿಲ್ಟರ್‌ಗೆ ಬಲ ಬರುವುದು ಸ್ವಿಚ್ ಜೊತೆ ಸೇರಿದಾಗ. ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿ, ಸರ್ವರ್ ಕಡೆಯ ಪೋರ್ಟ್ ಅನ್ನು ಮಾತ್ರ ಟ್ರಸ್ಟೆಡ್ ಎಂದು ಗುರುತಿಸಿ. ಬೇರೆ ಪೋರ್ಟ್‌ನಿಂದ ಹಂಚಿಕೆಯ ಉತ್ತರ ಬಂದರೆ ಸ್ವಿಚ್ಚೇ ಎಸೆಯುತ್ತದೆ. ಅದರ ಮೇಲೆ ಐಪಿ ಸೋರ್ಸ್ ಗಾರ್ಡ್ ಮತ್ತು ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ ಹಾಕಿದರೆ, ಡಿಎಚ್‌ಸಿಪಿಯಿಂದ ವಿಳಾಸ ಪಡೆಯದ ಯಂತ್ರದ ಮಾತು ಪೋರ್ಟ್ ದಾಟುವುದಿಲ್ಲ. ಈಗ ಫಿಲ್ಟರ್ ನಿರಾಕರಿಸಿದರೆ ಅದು ನಿಜವಾದ ನಿರಾಕರಣೆ. ಕೈಯಾರೆ ಐಪಿ ಬರೆದಿರುವ ನಿಮ್ಮ ಸರ್ವರ್, ಪ್ರಿಂಟರ್‌ಗಳಿಗೆ ಸ್ವಿಚ್‌ನಲ್ಲಿ ಸ್ಥಿರ ನಮೂದು ಹಾಕಲು ಮರೆತರೆ ಅವೂ ನಿಲ್ಲುತ್ತವೆ, ಎಚ್ಚರ. ಮ್ಯಾಕ್ ಕದಿಯುವವರನ್ನೂ ತಡೆಯಬೇಕಿದ್ದರೆ 802.1ಎಕ್ಸ್ ಬೇಕು, ಅಲ್ಲಿ ಗುರುತು ಪ್ರಮಾಣಪತ್ರ ಅಥವಾ ಪಾಸ್‌ವರ್ಡ್‌ನಿಂದ ಸಾಬೀತಾಗುತ್ತದೆ.

ಬೇರೆಯವರ ಜೊತೆ ಹೋಲಿಸಿದರೆ

ಮೈಕ್ರೊಟಿಕ್ ರೂಟರ್‌ನಲ್ಲಿ ಡಿಎಚ್‌ಸಿಪಿ ಸರ್ವರ್‌ನ ಅಡ್ರೆಸ್ ಪೂಲ್ ಅನ್ನು ಸ್ಟ್ಯಾಟಿಕ್-ಓನ್ಲಿ ಎಂದು ಬದಲಿಸಿದರೆ ಗುರುತಿಸಿಟ್ಟ ಸಾಧನಗಳಿಗೆ ಮಾತ್ರ ವಿಳಾಸ. ಇಂಟರ್‌ಫೇಸ್‌ನ ಎಆರ್‌ಪಿಯನ್ನು (ಯಾವ ಐಪಿ ಯಾವ ಮ್ಯಾಕ್‌ನದು ಎಂದು ಹುಡುಕುವ ವಿಧಾನ) ರಿಪ್ಲೈ-ಓನ್ಲಿ ಮಾಡಿ, ಲೀಸ್‌ಗೆ ಎಆರ್‌ಪಿ ಸೇರಿಸುವ ಆಯ್ಕೆ ಹಾಕಿದರೆ ಕೈಯಾರೆ ಐಪಿ ಬರೆದುಕೊಂಡವರಿಗೆ ರೂಟರ್ ಸಿಗುವುದಿಲ್ಲ. ಚಿಕ್ಕ ನೆಟ್‌ವರ್ಕ್‌ಗೆ ಇದು ವಿಂಡೋಸ್ ಫಿಲ್ಟರ್‌ಗಿಂತ ಮೇಲು ಎಂದು ಸಂಕೋಚವಿಲ್ಲದೆ ಹೇಳುತ್ತೇವೆ. ಲಿನಕ್ಸ್‌ನಲ್ಲಿ ಓಡುವ ಕಿಯಾ ಎಂಬ ಡಿಎಚ್‌ಸಿಪಿ ಸರ್ವರ್‌ನಲ್ಲಿ ಸಬ್‌ನೆಟ್ ಅಥವಾ ಪೂಲ್ ಮಟ್ಟದಲ್ಲೇ ಗೊತ್ತಿರುವ ಸಾಧನಗಳಿಗೆ ಮಾತ್ರ ಎಂಬ ವರ್ಗ ಹಾಕಬಹುದು. ಕಲಿಯಲು ಶ್ರಮ ಹೆಚ್ಚು, ಹಿಡಿತವೂ ಹೆಚ್ಚು. ಹಳೆಯ ಐಎಸ್‌ಸಿ ಡಿಎಚ್‌ಸಿಪಿಯ ನಿರ್ವಹಣೆ 2022ರಲ್ಲಿ ನಿಂತಿದೆ, ಹೊಸದಾಗಿ ಅದನ್ನು ಹಾಕಬೇಡಿ.

ಆ್ಯಕ್ಟಿವ್ ಡೈರೆಕ್ಟರಿ (ಬಳಕೆದಾರರನ್ನೂ ಯಂತ್ರಗಳನ್ನೂ ಒಂದೆಡೆಯಿಂದ ನಿರ್ವಹಿಸುವ ಮೈಕ್ರೋಸಾಫ್ಟ್ ಸೇವೆ) ಇರುವ ಕಚೇರಿಯಲ್ಲಿ ವಿಂಡೋಸ್ ಡಿಎಚ್‌ಸಿಪಿ ಈಗಾಗಲೇ ಓಡುತ್ತಿರುತ್ತದೆ, ಫಿಲ್ಟರ್‌ಗೆ ಬೇರೆ ಹಣ ಇಲ್ಲ. ಆದರೆ ಪಟ್ಟಿ ತಿದ್ದಲು ಡಿಎಚ್‌ಸಿಪಿ ಅಡ್ಮಿನಿಸ್ಟ್ರೇಟರ್ಸ್ ಗುಂಪಿನ ಸದಸ್ಯತ್ವ ಬೇಕು, ಆ ಸದಸ್ಯತ್ವ ಸ್ಕೋಪ್ ಅಳಿಸುವ ಅಧಿಕಾರವನ್ನೂ ಕೊಡುತ್ತದೆ. ಹೆಲ್ಪ್‌ಡೆಸ್ಕ್‌ಗೆ ಮ್ಯಾಕ್ ಸೇರಿಸುವ ಕೆಲಸ ಮಾತ್ರ ಒಪ್ಪಿಸಬೇಕೆಂದರೆ, ಅವರು ಸಿಎಸ್‌ವಿ ತಿದ್ದಲಿ, ನಿಗದಿತ ಸಮಯಕ್ಕೆ ಓಡುವ ಸ್ಕ್ರಿಪ್ಟ್ ಅದನ್ನು ಸರ್ವರ್‌ಗೆ ಒಯ್ಯಲಿ.

ಆನ್ ಮಾಡಿದ ಮೇಲೆ ಏನೋ ಕೆಟ್ಟು ದೂರುಗಳು ಬರತೊಡಗಿದರೆ ಪಟ್ಟಿ ಅಳಿಸುವ ಗೋಜಿಗೆ ಹೋಗಬೇಡಿ. ಅಲೋ ಮೇಲೆ ರೈಟ್-ಕ್ಲಿಕ್ ಮಾಡಿ ಡಿಸೇಬಲ್ ಒತ್ತಿ. ಸರ್ವಿಸ್ ರೀಸ್ಟಾರ್ಟ್ ಬೇಕಿಲ್ಲ, ನಮೂದುಗಳೂ ಹಾಗೇ ಉಳಿಯುತ್ತವೆ. 169.254ಕ್ಕೆ ಬಿದ್ದಿದ್ದ ವಿಂಡೋಸ್ ಯಂತ್ರಗಳು ಐದು ನಿಮಿಷದೊಳಗೆ ತಾವಾಗಿಯೇ ಐಪಿ ಪಡೆಯುತ್ತವೆ, ಪ್ರಿಂಟರ್ ಮತ್ತು ಕ್ಯಾಮೆರಾಗಳಲ್ಲಿ ಕೆಲವನ್ನು ಆಫ್ ಮಾಡಿ ಆನ್ ಮಾಡಬೇಕಾಗಬಹುದು. ಆಮೇಲೆ ಫಿಲ್ಟರ್‌ನೋಟಿಫಿಕೇಶನ್ಸ್ ಲಾಗ್ ತೆರೆದು, ನಿರಾಕರಣೆಗೊಂಡ ಮ್ಯಾಕ್‌ಗಳಲ್ಲಿ ನಿಮ್ಮವು ಯಾವುವು ಎಂದು ಒಂದೊಂದಾಗಿ ಗುರುತಿಸುತ್ತ ಬನ್ನಿ.